ಸರಿಹೋಯ್ತು, ಥ್ಯಾಂಕ್ಸ್

ಅಕ್ಕ ಹೆಣಿಗೆ ಯಂತ್ರದ ಮುಂದೆ ಕೂತು, ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ಸೂಜಿಗಳ ಸಂದಿಯಲ್ಲಿ ಸಿಕ್ಕಿಕೊಂಡ ಉಣ್ಣೆಯ ಜುಂಗು ತೆಗೆಯುತ್ತಿದ್ದಳು. ಒಂದು ಸೂಜಿಗೆ ಎರಡು ಸಲ ಬ್ರಷ್ಷು, ಮತ್ತೆ ಮುಂದಿನ ಸೂಜಿ. ಬಂದ ಜುಂಗನ್ನು ಬೆರಳಲ್ಲಿ ಹೊಸೆದು ಸಣ್ಣ ಉಂಡೆ ಮಾಡಿ ಪಕ್ಕದ ತಟ್ಟೆಯಲ್ಲಿ ಇಡುತ್ತಿದ್ದಳು. ಬಾಯಿಂದ ಒಂದು ಮಾತಿಲ್ಲ.

ಬಾಗಿಲಲ್ಲಿ ಅವಳ ತಮ್ಮ ಚಹಾದ ಲೋಟ ಹಿಡಿದು ನಿಂತಿದ್ದ. ಅಕ್ಕ ಬೈದರೆ ಅವನಿಗೆ ಹೆದರಿಕೆ ಇರಲಿಲ್ಲ. ಬೈಗುಳ ಮಳೆಯ ಹಾಗೆ, ಸುರಿದು ನಿಲ್ಲುತ್ತದೆ. ಅವಳ ಮೌನ ಗೋಡೆಗೆ ಇಳಿದ ತೇವದ ಹಾಗೆ. ಎಂದಿಗೆ ಆರುತ್ತದೋ ಹೇಳಲು ಬರುವುದಿಲ್ಲ.

“ಅಕ್ಕ, ಒಂದೈದು ನಿಮಿಷ ಕೊಡು. ಸರಿ ಮಾಡಿಬಿಡ್ತೀನಿ.”

ಬ್ರಷ್ಷು ಮುಂದಿನ ಸೂಜಿಗೆ ಹೋಯಿತು.

ಅವನಿಗೆ ಮನೆಯಲ್ಲೂ ಬೀದಿಯಲ್ಲೂ ಐದ್ನಿಮಿಷ ಎಂದೇ ಹೆಸರು. ನಲ್ಲಿ ಸೋರಿದರೆ ಐದು ನಿಮಿಷ, ಗಡಿಯಾರ ನಿಂತರೆ ಐದು ನಿಮಿಷ. ಕೆಲಸ ಹೋದ ಮೇಲೆ ‘ಇನ್ನೊಂದು ಸಿಗೋದು ಐದು ನಿಮಿಷದ ಮಾತು’ ಎಂದು ಅಕ್ಕನ ಮನೆಗೆ ಬಂದವನು ವರ್ಷಗಳಿಂದ ಅಲ್ಲೇ ಇದ್ದ. ಸೋರುವ ನಲ್ಲಿಯ ಕೆಳಗೆ ಅವನು ಇಟ್ಟ ಬಕೆಟ್ಟೂ ಅಲ್ಲೇ ಇತ್ತು.

ಆದರೆ ಒಂದೇ ಒಂದು ಸಲ ಅವನು ಹೇಳಿದ ಮಾತನ್ನು ನಡೆಸಿ ತೋರಿಸಿದ್ದ. ಭಾವ ಎಲ್ಲಿಂದಲೋ ಹಳೆಯ ಹೆಣಿಗೆ ಯಂತ್ರವೊಂದನ್ನು ಅಗ್ಗಕ್ಕೆ ತಂದಾಗ, ಅದನ್ನು ತನ್ನ ಹಳೆಯ ಕಂಪ್ಯೂಟರಿಗೆ ತಂತಿಯಿಂದ ಸಿಕ್ಕಿಸಿ, ಯಾರೋ ಪುಣ್ಯಾತ್ಮರು ಬರೆದು ಬಿಟ್ಟಿಯಾಗಿ ಹಂಚಿದ್ದ ಪ್ರೋಗ್ರಾಂ ಒಂದನ್ನು ಹಾಕಿ, ನಿಜಕ್ಕೂ ಐದೇ ನಿಮಿಷದಲ್ಲಿ ನಡೆಸಿದ್ದ. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿದರೆ ಸಾಕು, ಯಂತ್ರ ಅದನ್ನು ಸಾಲುಸಾಲಾಗಿ ಸ್ವೆಟರಿನಲ್ಲಿ ಮೂಡಿಸುತ್ತಿತ್ತು. ಮೊದಲ ಮೊಲ ಮೂಡಿದ ದಿನ ಅಕ್ಕ ತಮ್ಮನ ಬೆನ್ನು ತಟ್ಟಿದ್ದಳು. ಬೆನ್ನಿನ ಆ ಜಾಗ ಯಾವುದೆಂದು ಅವನು ಈಗಲೂ ಕೈ ಹಿಂದಕ್ಕೆ ತಿರುಗಿಸಿ ತೋರಿಸಬಲ್ಲ.

ಆ ಪ್ರೋಗ್ರಾಂ ನಿನ್ನೆ ಸತ್ತಿತು. ಕೊಂದವನು ಅವನೇ. ಕಂಪ್ಯೂಟರು ತನ್ನ ಪಾಡಿಗೆ, ‘ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಲೇ?’ ಎಂದು ಕೇಳಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುವ ಹಾಗೆ ಇವನು ‘ಹೂಂ’ ಒತ್ತಿದ. ಬೆಳಗ್ಗೆ ಎದ್ದು ನೋಡಿದರೆ ಕಂಪ್ಯೂಟರು ಹೊಸ ಅಳಿಯನಂತೆ ಮಿರಮಿರ ಮಿಂಚುತ್ತಿತ್ತು. ಹೆಣಿಗೆಯ ಪ್ರೋಗ್ರಾಂ ಮಾತ್ರ ಮನೆ ಬಿಟ್ಟು ಹೋಗಿತ್ತು.

“ಏನಪ್ಪಾ, ಇವತ್ತು ಏನು ಅಂತ ನೆನಪಿದೆ ತಾನೆ?” ಶೂ ಹಾಕಿಕೊಳ್ಳುತ್ತ ಭಾವ ಕೇಳಿದರು.

ನೆನಪಿಲ್ಲದೆ ಏನು. ಸಂಜೆ ಉಣ್ಣೆ ಕಾರ್ಖಾನೆಯ ಯಜಮಾನರು ಬರುವವರಿದ್ದರು. ಯಂತ್ರ ಅವರದೇ ಗೋದಾಮಿನ ಮೂಲೆಯಿಂದ ಬಂದದ್ದು. ‘ಅದರಲ್ಲಿ ಚಿತ್ರ ತೆಗೀತೀರಂತಲ್ಲ, ನನ್ನ ಕಣ್ಣಾರೆ ನೋಡ್ಬೇಕು’ ಎಂದು ಅವರಾಗಿಯೇ ಹೇಳಿ ಕಳಿಸಿದ್ದರು. ಅಕ್ಕ ಅದಕ್ಕೆಂದೇ ಹಾರುವ ಕೊಕ್ಕರೆಗಳ ಸಾಲೊಂದನ್ನು ಬಿಡಿಸಿ, ರೆಕ್ಕೆಯ ಒಂದೊಂದು ಕುಣಿಕೆಯನ್ನೂ ಅಳಿಸಿ ತಿದ್ದಿ ಇಟ್ಟಿದ್ದಳು. ಆ ಕೊಕ್ಕರೆ ಯಜಮಾನರ ಕಣ್ಣೆದುರು ಮೂಡಿದರೆ ಚಳಿಗಾಲದ ಅಷ್ಟೂ ಸ್ವೆಟರಿನ ಕೆಲಸ ಅಕ್ಕನದು. ಯಂತ್ರ ನಡೆಸಿದ ಹುಡುಗನಿಗೆ ಕಾರ್ಖಾನೆಯಲ್ಲಿ ಖಾಯಂ ಕೆಲಸ.

“ಯಂತ್ರ ನಡೆದ್ರೆ ನಾಳೆ ನೀನು ಕಾರ್ಖಾನೆಗೆ ಹೋಗ್ತೀಯ,” ಎಂದರು ಭಾವ. “ನಡೀದಿದ್ರೂ ಹೋಗ್ತೀಯ. ಎಲ್ಲಿಗೆ ಅಂತ ನೀನೇ ನೋಡ್ಕೊ.”

ಭಾವ ಹೋದ ಮೇಲೆ ಐದ್ನಿಮಿಷ ಕಂಪ್ಯೂಟರಿನ ಮುಂದೆ ಕೂತ. ಹಳೆಯ ಆವೃತ್ತಿಗೆ ಮರಳುವ ದಾರಿ ಇರಲಿಲ್ಲ. ಅದರ ಡಿಸ್ಕನ್ನು ಅವನೇ ತೂತಿಗೆ ದಾರ ಕಟ್ಟಿ, ಹಕ್ಕಿ ಹೆದರಲೆಂದು ಹಿತ್ತಲಿನ ಟೊಮೇಟೊ ಗಿಡಕ್ಕೆ ನೇತುಹಾಕಿದ್ದ. ಬಿಸಿಲಿಗೆ ಅದರ ಬೆಳ್ಳಿ ಸಿಪ್ಪೆ ಸುಲಿದಿತ್ತು. ಹಕ್ಕಿಗಳು ಹೆದರಿದ್ದೂ ಇಲ್ಲ.

ಪ್ರೋಗ್ರಾಂ ಬರೆದವರ ಪುಟದಲ್ಲಿ ಹೀಗಿತ್ತು: ‘ಹೊಸ ಆವೃತ್ತಿಗೆ ಸಿದ್ಧ ಪ್ರೋಗ್ರಾಂ ಇಲ್ಲ. ಮೂಲ ಕೋಡನ್ನು ಇಳಿಸಿಕೊಂಡು ನೀವೇ ಕಟ್ಟಿಕೊಳ್ಳಿ. ಬಹಳ ಸುಲಭ. ಮೂರೇ ಸಾಲು ಟೈಪ್ ಮಾಡಬೇಕು.’

“ಮೂರೇ ಸಾಲಂತೆ ಅಕ್ಕ!” ಎಂದು ಕೂಗಿದ. ಒಳಗಿನಿಂದ ಪಾತ್ರೆ ಇಟ್ಟ ಸದ್ದು ಮಾತ್ರ ಬಂತು.

ಮೊದಲ ಸಾಲು ಟೈಪ್ ಮಾಡಿದ. ಕಟ್ಟುವವನೇ ಇಲ್ಲ, ಮೊದಲು ಕಂಪೈಲರ್ ತಂದುಕೋ ಎಂದಿತು ಕಂಪ್ಯೂಟರು. ತರಲು ಹೊರಟ. ಅರ್ಧ ದಾರಿಯಲ್ಲಿ ಅವನ ಫೋನಿನ ಡೇಟಾ ಮುಗಿಯಿತು. ರೀಚಾರ್ಜ್ ಮಾಡಿಸುವುದು ಭಾವ, ಆದ್ದರಿಂದ ಆ ದಾರಿ ಅಂದಿನ ಮಟ್ಟಿಗೆ ಮುಚ್ಚಿತ್ತು. ಪಕ್ಕದ ಮನೆಯ ಕಿಟಕಿಯ ಬಳಿ ಹೋಗಿ ನಿಂತ.

“ಟೀಚರ್, ನಿಮ್ಮ ವೈಫೈ ಒಂದೈದು ನಿಮಿಷ...”

ಪಕ್ಕದ ಮನೆಯ ಟೀಚರ್ ಬೀದಿಯ ಅರ್ಧ ಜನಕ್ಕೆ ಟೈಪಿಂಗ್ ಕಲಿಸಿದವರು. ಶಾಲೆ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಬೆರಳುಗಳಿಗೆ ಅದು ತಿಳಿದಿರಲಿಲ್ಲ. ಎದುರಿಗಿದ್ದವರು ಏನು ಹೇಳಿದರೂ ಅದನ್ನು ಮೊಣಕಾಲಿನ ಮೇಲೆ ಟೈಪ್ ಮಾಡಿಕೊಳ್ಳುತ್ತಲೇ ಇರುತ್ತಿದ್ದರು. ಈಗಲೂ ಕಿಟಕಿಯ ಕಟ್ಟೆಯ ಮೇಲೆ ಬೆರಳು ಟಕಟಕ ಆಡಿತು. ‘ಒಂದೈದು ನಿಮಿಷ’ ಮುಗಿದು ಪೂರ್ಣವಿರಾಮ ಬಿದ್ದ ಮೇಲೆಯೇ ಅವರು ತಲೆಯೆತ್ತಿದ್ದು.

“ಪಾಸ್‌ವರ್ಡ್ ಯಾರಿಗೂ ಹೇಳಲ್ಲ. ನಾನೇ ಬಂದು ಹಾಕ್ತೀನಿ.”

ಬಂದರು, ಹಾಕಿದರು. ಹಾಕಿ ಹೋಗುವ ಬದಲು ಕುರ್ಚಿ ಎಳೆದುಕೊಂಡು ಬೆನ್ನು ನೆಟ್ಟಗೆ ಮಾಡಿ ಅವನ ಪಕ್ಕದಲ್ಲೇ ಕೂತರು.

“ಎಲ್ಲಾ ತಪ್ಪೂ ಬೆರಳಿಂದಲೇ ಬರೋದು ಕಣೋ. ಯಂತ್ರ ಯಾವತ್ತೂ ತಪ್ಪು ಮಾಡಲ್ಲ. ಎಲ್ಲಿ, ಟೈಪ್ ಮಾಡು ನೋಡೋಣ. ಅಯ್ಯೋ, ಒಂದೇ ಬೆರಳಲ್ಲಿ! ಕೋಳಿ ಕಾಳು ಹೆಕ್ಕಿದ ಹಾಗೆ!”

ಕಂಪೈಲರ್ ಬಂತು. ಮೊದಲ ಸಾಲು ಮತ್ತೆ ಕೊಟ್ಟ. ಲೈಬ್ರರಿ ಎಂಬ ಯಾವುದೋ ಕಡತ ಇಲ್ಲ ಎಂದಿತು. ಅದನ್ನು ತಂದ. ಆ ಕಡತಕ್ಕೆ ಇನ್ನೊಂದು ಬೇಕಂತೆ. ಅದನ್ನೂ ತಂದ. ಅದು ಬರುವಾಗ ತನ್ನ ಕಡೆಯ ಮೂವರನ್ನು ಕರೆಸು ಎಂದಿತು. ಆ ಮೂವರಲ್ಲಿ ಇಬ್ಬರಿಗೆ ಒಬ್ಬರ ಮುಖ ಕಂಡರೆ ಒಬ್ಬರಿಗಾಗದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಒಬ್ಬನನ್ನು ಹೊರಗೆ ಹಾಕಿದರೆ ಅವನ ಜೊತೆ ಕಂಪ್ಯೂಟರಿನ ಗಡಿಯಾರವೂ ಎದ್ದು ಹೋಯಿತು.

“ಈ ಲೈಬ್ರರಿ ನಮ್ಮ ಹತ್ರ ಇದೆ ಅಂತ ಅದೇ ಹೇಳುತ್ತೆ, ಇಲ್ಲ ಅಂತಲೂ ಅದೇ ಹೇಳುತ್ತೆ,” ಎಂದು ಐದ್ನಿಮಿಷ ಹಣೆ ಒತ್ತಿಕೊಂಡ. “ಅಂದ್ರೆ ಸ್ವೆಟರ್ ಇದೆ, ಸ್ವೆಟರ್ ಹೆಣಿಯೋ ನಕ್ಷೆ ಇಲ್ಲ. ಅದನ್ನ ಬೇರೆ ತರಬೇಕಂತೆ.”

“ಸ್ವೆಟರ್ ಇದ್ದ ಮೇಲೆ ನಕ್ಷೆ ಯಾಕೆ?”

“ನನ್ನನ್ನ ಕೇಳಿದ್ರೆ ನಾನು ಏನು ಹೇಳಲಿ ಟೀಚರ್?”

ಎರಡನೆಯ ಸಾಲು ಕೊಟ್ಟಾಗ ಬಿಸಿಲು ನಡುಮನೆಯ ಹೊಸ್ತಿಲು ದಾಟಿತ್ತು. ಪರದೆಯ ಮೇಲೆ ಅಕ್ಷರಗಳು ಜಲಪಾತದಂತೆ ಸುರಿಯತೊಡಗಿದವು. ಟೀಚರ್ ಕುರ್ಚಿಯಿಂದ ಅರ್ಧ ಎದ್ದರು.

“ಯಾರೋ ಇದು ಟೈಪ್ ಮಾಡ್ತಿರೋದು? ಎಂಥ ಸ್ಪೀಡು!”

“ಕಂಪೈಲ್ ಆಗ್ತಿದೆ!” ಐದ್ನಿಮಿಷನ ಕಣ್ಣು ಒದ್ದೆಯಾಯಿತು. “ಅಕ್ಕ, ಬಾ, ನೋಡು ಬಾ!”

ಅಕ್ಕ ಬಂದಳು. ಕೈಯಲ್ಲಿ ಉಣ್ಣೆಯ ಉಂಡೆ ಹಿಡಿದು ಬಾಗಿಲಲ್ಲೇ ನಿಂತಳು. ಅಷ್ಟರಲ್ಲಿ ಜಲಪಾತ ನಿಂತಿತು. ಕೊನೆಯ ಎರಡು ಸಾಲನ್ನು ಟೀಚರ್ ಉಕ್ತಲೇಖನ ಕೊಡುವ ದನಿಯಲ್ಲಿ ಓದಿದರು.

“ಅನ್‌ಡಿಫೈನ್ಡ್ ರೆಫರೆನ್ಸ್ ಟು ಸೆಂಡ್ ರೋ. ಎಲ್‌ಡಿ ರಿಟರ್ನ್ಡ್ ಒನ್.” ಕನ್ನಡಕ ಸರಿಮಾಡಿಕೊಂಡರು. “ಯಾರೋ ಈ ಎಲ್‌ಡಿ? ಎಲ್ಲಿಗೆ ಹೋಗಿದ್ದ? ಒಂದು ತಗೊಂಡು ವಾಪಸ್ ಬಂದನಲ್ಲ, ಏನು ಒಂದು?”

ಐದ್ನಿಮಿಷ ಅಕ್ಕನ ಕಡೆ ತಿರುಗಿದ. ಅವಳಿಗೆ ತಿಳಿಯುವ ಹಾಗೆ ಹೇಳಬೇಕಿತ್ತು. ತಿಳಿದರೆ ಒಂದು ಮಾತಾದರೂ ಆಡಿಯಾಳು.

“ನೋಡಕ್ಕ, ತೋಳು, ಮೈ, ಕುತ್ತಿಗೆ ಎಲ್ಲಾ ಬೇರೆಬೇರೆ ಹೆಣೆದಾಯ್ತು. ಅದು ಕಂಪೈಲರ್ ಕೆಲಸ, ಅದು ಮಾಡ್ತು. ಈಗ ಎಲ್ಲಾ ಸೇರಿಸಿ ಹೊಲಿಯೋನು ಬಂದಿದ್ದಾನೆ. ಲಿಂಕರ್ ಅಂತ. ಅವನೇ ಎಲ್‌ಡಿ. ಮೈ ಮೇಲೆ ‘ಇಲ್ಲಿಗೆ ಎಡತೋಳು ಹೊಲಿ’ ಅಂತ ಗುರುತು ಇದೆ. ಎಡತೋಳು ಎಲ್ಲೂ ಸಿಗ್ತಿಲ್ಲವಂತೆ. ಸೂಜಿ ಕೆಳಗಿಟ್ಟು ಎದ್ದು ಹೋದ.”

ಅಕ್ಕ ಪರದೆಯನ್ನು ನೋಡಿದಳು, ತಮ್ಮನನ್ನು ನೋಡಿದಳು. ತಾನು ಹೆಣೆದ ಇಷ್ಟು ವರ್ಷದಲ್ಲಿ ಎಡತೋಳು ಕಳೆದುಕೊಂಡವರನ್ನು ಕಂಡೇ ಇಲ್ಲ ಎಂಬಂತಿತ್ತು ಆ ನೋಟ. ಒಳಗೆ ಹೋದಳು.

“ಹುಡುಕು,” ಎಂದರು ಟೀಚರ್.

ಹುಡುಕಿದ. ಅಂತರ್ಜಾಲವನ್ನೆಲ್ಲ ಜಾಲಾಡಿದ. ಕಾಲುಚೀಲ ಹೆಣೆಯುವವರು ಸಿಕ್ಕರು, ಕುರಿ ಸಾಕುವವರು ಸಿಕ್ಕರು. ಇಡೀ ಲೋಕದಲ್ಲಿ ಈ ತಪ್ಪನ್ನು ಕಂಡವರು ಯಾರೂ ಇಲ್ಲವೇನೋ, ತಾನೊಬ್ಬನೇ ಇಂಥ ಪಾಪಿ ಇರಬೇಕು ಎಂದು ಕೈಚೆಲ್ಲುವಾಗ ಒಂದು ಪುಟ ಸಿಕ್ಕಿತು.

ಕರಿಕುರಿ ಎಂಬ ಅಡ್ಡಹೆಸರಿನವನೊಬ್ಬ ಯಾವ ಕಾಲದಲ್ಲೋ ಕೇಳಿದ ಪ್ರಶ್ನೆ. ಅದೇ ಯಂತ್ರ, ಅದೇ ಪ್ರೋಗ್ರಾಂ, ಅದೇ ಸೆಂಡ್ ರೋ. ಅಕ್ಷರಕ್ಕೆ ಅಕ್ಷರ ತಾಳೆಯಾಗುತ್ತಿತ್ತು. ಐದ್ನಿಮಿಷನಿಗೆ ಜಾತ್ರೆಯಲ್ಲಿ ಕಳೆದುಹೋದ ಅಣ್ಣ ಸಿಕ್ಕಷ್ಟು ಸಂತೋಷವಾಯಿತು. ‘ಮೂರು ವಾರದಿಂದ ನಿದ್ದೆಯಿಲ್ಲ, ದಯವಿಟ್ಟು ಯಾರಾದರೂ ಹೇಳಿ’ ಎಂದು ಬರೆದಿದ್ದ ಕರಿಕುರಿ.

ಕೆಳಗೆ ಉತ್ತರಗಳಿದ್ದವು. ಮೊದಲನೆಯವನು, ‘ಜೊತೆಗೆ ಕೊಟ್ಟ ಸೂಚನೆ ಓದಿದ್ದೀರಾ?’ ಎಂದಿದ್ದ. ಎರಡನೆಯವನು, ‘ಈ ಪ್ರಶ್ನೆಯನ್ನು ಹಿಂದೆಯೇ ಕೇಳಲಾಗಿದೆ, ಇಲ್ಲಿ ಒತ್ತಿ’ ಎಂದಿದ್ದ. ಒತ್ತಿದರೆ ಇದೇ ಪುಟ ಮತ್ತೆ ತೆರೆಯಿತು. ಮೂರನೆಯವನು, ‘ಹಳೆಯ ಲೈಬ್ರರಿಯನ್ನು ಮೂಲದಿಂದ ಕಟ್ಟಿ ನೋಡಬಹುದು, ನಾನು ನೋಡಿಲ್ಲ’ ಎಂದಿದ್ದ.

ಕೊನೆಗೆ ಕರಿಕುರಿಯೇ ಬರೆದಿದ್ದ: ‘ಸರಿಹೋಯ್ತು, ಥ್ಯಾಂಕ್ಸ್.’

ಐದ್ನಿಮಿಷ ಪುಟವನ್ನು ಕೆಳಗೆ ಸರಿಸಿದ. ಮುಂದೆ ಏನೂ ಇಲ್ಲ. ಮತ್ತೆ ಮೇಲಕ್ಕೆ ಹೋಗಿ ಮತ್ತೆ ಕೆಳಕ್ಕೆ ಬಂದ. ಹೇಗೆ ಸರಿಹೋಯ್ತು ಎಂಬ ಒಂದೇ ಒಂದು ಸಾಲು, ಒಂದು ಪದ, ಒಂದು ಸುಳಿವು ಎಲ್ಲೂ ಇಲ್ಲ.

“ಹೇಗೆ ಸರಿಹೋಯ್ತೋ?” ಎಂದ ಪರದೆಗೆ. “ಹೇಗೋ? ಹೇಳಿ ಸಾಯೋಕೆ ಏನು ಧಾಡಿ ನಿನಗೆ?”

ಬೆಳಗಿನಿಂದ ಕಟ್ಟಿಕೊಂಡಿದ್ದದ್ದೆಲ್ಲ ಒಡೆದುಕೊಂಡಿತು. ಎದ್ದು ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುತ್ತ ಗೋಡೆಗೆ, ಕಿಟಕಿಗೆ, ಛಾವಣಿಗೆ ಹೇಳತೊಡಗಿದ.

“ಲೇ ಕರಿಕುರಿ! ನೀನು ದಡ ಸೇರಿ ದೋಣಿ ಸುಟ್ಟೋನು. ನೀನು ಹಾಕ್ಕೊಂಡ ಸ್ವೆಟರ್ ನಾಲ್ಕು ಜನರ ಮಧ್ಯೆ ಬಿಚ್ಚಿಹೋಗ್ಲಿ. ನಿನಗೆ ಯಾವಾಗ ಹುಡುಕಿದ್ರೂ ಒಂದೇ ಕಾಲಿನ ಕಾಲುಚೀಲ ಸಿಗ್ಲಿ. ನಿನ್ನ ಉಣ್ಣೆಗೆಲ್ಲ ನುಸಿ ಹಿಡೀಲಿ. ನಿನ್ನ ಮನೆ ನಲ್ಲಿ ಸೋರ್ಲಿ, ರಿಪೇರಿಗೆ ಬಂದೋನು ‘ಐದು ನಿಮಿಷ’ ಅಂತ ಹೇಳಿ ಹೋಗ್ಲಿ. ನಿನಗೂ ಒಂದು ದಿನ ಯಾರಾದ್ರೂ ‘ಸರಿಹೋಯ್ತು’ ಅಂತ ಹೇಳ್ಲಿ, ಹೇಗೆ ಅಂತ ಮಾತ್ರ ಹೇಳದೆ ಇರ್ಲಿ!”

ಏದುಸಿರು ಬಿಡುತ್ತ ನಿಂತಾಗ ಅವನಿಗೆ ಟಕಟಕ ಸದ್ದು ಕೇಳಿತು. ಟೀಚರ್ ಈ ಸಲ ಮೊಣಕಾಲಿನ ಮೇಲೆ ಟೈಪ್ ಮಾಡುತ್ತಿರಲಿಲ್ಲ.

“ಟೀಚರ್! ಏನು ಮಾಡ್ತಿದೀರಿ?”

“ನೀನು ಹೇಳ್ತಾ ಹೋದೆ, ನಾನು ಹೊಡೀತಾ ಹೋದೆ. ಉತ್ತರ ಬರೀರಿ ಅಂತ ಚೌಕ ಇತ್ತಲ್ಲ. ಒಂದಕ್ಷರ ತಪ್ಪಿಲ್ಲ ನೋಡು.” ಕೊನೆಯ ಗುಂಡಿಯನ್ನು ಕಿರುಬೆರಳಿನಿಂದ ಸೊಗಸಾಗಿ ಒತ್ತಿದರು. “ಹೋಯ್ತು.”

ಐದ್ನಿಮಿಷ ಪರದೆಗೆ ಮೂಗು ತಾಗಿಸಿದ. ನಿಜಕ್ಕೂ ಒಂದಕ್ಷರ ತಪ್ಪಿರಲಿಲ್ಲ. ಮೇಲೆ ಬಲಗಡೆ ಮನೆಯ ನಂಬರು, ಬೀದಿ, ಭಾವನ ಫೋನು. ಕೆಳಗೆ ‘ಮಾನ್ಯರೇ’. ಅದರ ಕೆಳಗೆ ‘ವಿಷಯ: ತಾವು ನೀಡಿದ ಉತ್ತರದ ಬಗ್ಗೆ’. ಆಮೇಲೆ ನುಸಿ, ನಲ್ಲಿ, ಕಾಲುಚೀಲ ಎಲ್ಲವೂ ಅಂಚು ಬಿಟ್ಟು ಅಚ್ಚುಕಟ್ಟಾಗಿ. ಕೊನೆಗೆ ‘ತಮ್ಮ ವಿಶ್ವಾಸಿ’.

“ವಿಳಾಸ ಯಾಕೆ ಹಾಕಿದ್ರಿ?”

“ವಿಳಾಸ ಇಲ್ಲದೆ ಪತ್ರ ಹೊಡೆಸಿದ್ದೇನೋ ನಾನು ಯಾರ ಕೈಲಾದ್ರೂ?” ಟೀಚರಿಗೆ ನಿಜವಾಗಿ ನೋವಾಯಿತು.

ಅಳಿಸಲು ನೋಡಿದ. ಆ ಪುಟದಲ್ಲಿ ಬರೆದದ್ದನ್ನು ಅಳಿಸುವ ಗುಂಡಿ ಇರಲಿಲ್ಲ. ಹೋಗಲಿ ಬಿಡು, ಎಂದುಕೊಂಡ. ಕರಿಕುರಿ ಯಾವ ದೇಶದವನೋ, ಬದುಕಿದ್ದಾನೋ ಇಲ್ಲವೋ. ಇಷ್ಟು ಕಾಲದ ಮೇಲೆ ಯಾರು ನೋಡುತ್ತಾರೆ.

ಉಳಿದಿದ್ದದ್ದು ಮೂರನೆಯವನು ಉದುರಿಸಿದ ಆ ಅರ್ಧ ಮಾತು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಹಳೆಯ ಲೈಬ್ರರಿಯ ಮೂಲವನ್ನು ಇಳಿಸಿ ಕಟ್ಟಲು ಹಚ್ಚಿದ. ಈ ಸಲ ಜಲಪಾತವಲ್ಲ, ಸೋರುವ ನಲ್ಲಿ. ನೂರಕ್ಕೆ ಎರಡು ಭಾಗ ಆಯಿತು ಎಂದಿತು. ಬಹಳ ಹೊತ್ತಿನ ಮೇಲೆ ಮೂರು ಎಂದಿತು. ಟೀಚರ್ ಆಕಳಿಸಿದರು, ಐದ್ನಿಮಿಷ ಉಗುರು ಕಚ್ಚಿದ. ಇಪ್ಪತ್ತಾಯಿತು, ನಲವತ್ತಾಯಿತು. ತಪ್ಪು ಬರಲಿಲ್ಲ. ಎಂಬತ್ತಾಯಿತು.

ಅಕ್ಕ ಬಂದು ಬಾಗಿಲಲ್ಲಿ ನಿಂತಳು. ಅವಳು ಆ ದಿನ ಆಡಿದ್ದು ಒಂದೇ ಮಾತು.

“ಆಗುತ್ತಾ?”

“ಆಗ್ತಾ ಇದೆ ಅಕ್ಕ. ಇನ್ನು ಸ್ವಲ್ಪ.” ಐದು ನಿಮಿಷ ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡ.

ಅಕ್ಕ ಒಳಗೆ ಹೋಗಿ ತಟ್ಟೆ ಇಟ್ಟ ಸದ್ದಾಯಿತು. ಎರಡು ತಟ್ಟೆ, ಒಂದು ಅವನಿಗೆ, ಒಂದು ಟೀಚರಿಗೆ. ಬೆಳಗಿನಿಂದ ಅವನು ಏನೂ ತಿಂದಿರಲಿಲ್ಲ. ಅಡುಗೆಮನೆಯಲ್ಲಿ ಕೂತು ಉಣ್ಣುವಾಗ ಅಕ್ಕ ಕೇಳದೆಯೇ ಇನ್ನೊಂದು ಸಲ ಬಡಿಸಿದಳು. ಅವನಿಗೆ ಅಳು ಬಂದ ಹಾಗಾಯಿತು. ಗೋಡೆಯ ತೇವ ಒಂದು ಮೂಲೆಯಲ್ಲಿ ಆರತೊಡಗಿದೆ ಎನಿಸಿತು. ಕಾರ್ಖಾನೆಗೆ ಹೋಗುವ ಮೊದಲ ದಿನ ಯಾವ ಅಂಗಿ ಹಾಕಬೇಕೆಂದೂ ಯೋಚಿಸಿದ.

ಕೈ ತೊಳೆದು ಬಂದಾಗ ನಡುಮನೆಯಲ್ಲಿ ಬಿಸಿ ಬಟ್ಟೆಯ ವಾಸನೆ. ಬೇಗ ಬಂದಿದ್ದ ಭಾವ ಮೇಜಿನ ಮೇಲೆ ದಪ್ಪ ದುಪ್ಪಟಿ ಹಾಸಿಕೊಂಡು, ಯಜಮಾನರು ಬರುತ್ತಾರೆಂದು ತಮ್ಮ ಒಳ್ಳೆಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಇಸ್ತ್ರಿಪೆಟ್ಟಿಗೆಯ ವೈರು ಮೇಜಿನ ಕೆಳಗೆ ಹೋಗಿತ್ತು. ಕಂಪ್ಯೂಟರಿನ ವೈರು ನೆಲದ ಮೇಲೆ ಸತ್ತ ಹಾವಿನಂತೆ ಬಿದ್ದಿತ್ತು.

“ಭಾವ...”

“ಪರದೆ ಕಪ್ಪಾಗಿತ್ತಪ್ಪ. ಯಾರೂ ಇಲ್ಲ, ಸುಮ್ಮನೆ ಕರೆಂಟು ದಂಡ ಅಂತ ತೆಗೆದೆ.” ಭಾವ ಕೊರಳಪಟ್ಟಿಯನ್ನು ತಿರುಗಿಸಿ ಹಾಕಿದರು. “ಯಾಕೆ? ಮುಗೀತಾ ನಿಂದು?”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಐದ್ನಿಮಿಷ ವೈರನ್ನು ಮತ್ತೆ ಸಿಕ್ಕಿಸಿದ. ಕಂಪ್ಯೂಟರು ಎಚ್ಚರವಾಗಿ, ನನ್ನನ್ನು ಹೀಗೆ ಕತ್ತು ಹಿಸುಕಿ ಮಲಗಿಸಿದರೆ ಹೇಗೆ, ಮೈಯೆಲ್ಲ ಮುಟ್ಟಿ ನೋಡಿಕೊಳ್ಳುತ್ತೇನೆ ಇರು ಎಂಬಂತೆ ಬಹಳ ಹೊತ್ತು ತನ್ನನ್ನು ತಾನೇ ತಪಾಸಣೆ ಮಾಡಿಕೊಂಡಿತು. ಆಮೇಲೆ ಬಿಟ್ಟಲ್ಲಿಂದ ಮುಂದುವರಿಸಿ ನೂರು ಮುಟ್ಟಿತು. ಹೆಣಿಗೆಯ ಪ್ರೋಗ್ರಾಮನ್ನು ಜೋಡಿಸಲು ಕೊಟ್ಟ.

“ಫೈಲ್ ಟ್ರಂಕೇಟೆಡ್,” ಟೀಚರ್ ಓದಿದರು. “ಅಂದ್ರೆ?”

“ಅರ್ಧಕ್ಕೇ ನಿಂತಿದೆ ಅಂತ. ಕರೆಂಟು ಹೋದಾಗ ಬರೀತಿದ್ದ ತುಂಡು.” ಅವನ ದನಿ ಬಾವಿಯೊಳಗಿನಿಂದ ಬಂದಂತಿತ್ತು. “ಎಡತೋಳು ಸಿಕ್ತು ಟೀಚರ್. ಮೊಣಕೈವರೆಗೆ ಮಾತ್ರ.”

ಆ ತುಂಡನ್ನು ಕಿತ್ತುಹಾಕಿ ಮತ್ತೆ ಹೆಣೆಸಿದ. ಹೊಲಿಯುವವನನ್ನು ಮತ್ತೆ ಕರೆದ. ಎಲ್‌ಡಿ ಹೋದ, ಎಲ್‌ಡಿ ಬಂದ. ಅನ್‌ಡಿಫೈನ್ಡ್ ರೆಫರೆನ್ಸ್ ಟು ಸೆಂಡ್ ರೋ. ಬೆಳಗ್ಗೆ ಎಲ್ಲಿದ್ದನೋ ಅಲ್ಲೇ. ಇಷ್ಟೆಲ್ಲ ಆದ ಮೇಲೆ ಹಳೆಯ ಲೈಬ್ರರಿಯಲ್ಲೂ ಆ ಎಡತೋಳು ಇರಲೇ ಇಲ್ಲ.

ಹೊರಗೆ ಕಾರು ನಿಂತ ಸದ್ದಾಯಿತು.

ಕಾರ್ಖಾನೆಯ ಯಜಮಾನರು ದುಂಡಗಿನ ಮನುಷ್ಯ. ಒಳಗೆ ಬರುವ ಮೊದಲು ಗೋಡೆಯ ಮೇಲಿನ ಮನೆಯ ನಂಬರನ್ನು ನೋಡಿದರು, ಆಮೇಲೆ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು. ಹಾಕಿಕೊಂಡಿದ್ದ ಸ್ವೆಟರಿನ ಅಂಚನ್ನು ಒಂದು ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡಿದ್ದರು.

“ಬನ್ನಿ ಸಾರ್, ಬನ್ನಿ, ಮನೆ ಹುಡುಕೋದು ಕಷ್ಟವಾಯ್ತೇನೋ?” ಎಂದರು ಭಾವ ಇಸ್ತ್ರಿ ಮುರಿಯದ ಹಾಗೆ ಬಗ್ಗಿ.

“ಇಲ್ಲ ಇಲ್ಲ. ವಿಳಾಸ ಮಧ್ಯಾಹ್ನವೇ ಬಂತಲ್ಲ. ಅಚ್ಚುಕಟ್ಟಾಗಿ, ಬಲಗಡೆ ಮೇಲುಗಡೆ.” ಯಜಮಾನರು ಕುರ್ಚಿಯಲ್ಲಿ ಕೂತು ಫೋನು ತೆಗೆದರು. “ಎಷ್ಟೋ ಕಾಲದ ಹಿಂದೆ ನಾನೊಂದು ಕಡೆ ಒಂದು ಪ್ರಶ್ನೆ ಕೇಳಿದ್ದೆ. ಯಾರೋ ಹೊಸದಾಗಿ ಉತ್ತರ ಬರೆದಿದ್ದಾರೆ ಅಂತ ಇವತ್ತು ಫೋನು ಕುಣೀತು. ಖುಷಿಯಿಂದ ತೆಗೆದೆ.” ಕನ್ನಡಕವಿಲ್ಲದ ಕಣ್ಣಿಗೆ ಫೋನನ್ನು ದೂರ ಹಿಡಿದು ಓದಿದರು. “ಮಾನ್ಯರೇ. ನಿನ್ನ ಉಣ್ಣೆಗೆಲ್ಲ ನುಸಿ ಹಿಡೀಲಿ.”

ಭಾವನ ಅಂಗಿಯ ಇಸ್ತ್ರಿ ಒಂದೇ ಕ್ಷಣದಲ್ಲಿ ಮುದುಡಿದಂತಾಯಿತು. ಟೀಚರ್ ಮೆಲ್ಲನೆ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡರು.

“ಇದನ್ನ ಬರೆದ ತಮ್ಮ ವಿಶ್ವಾಸಿ ಯಾರು?”

ಎಲ್ಲರೂ ಐದ್ನಿಮಿಷನನ್ನು ನೋಡಿದರು. ಅವನು ಎರಡು ಕೈ ಜೋಡಿಸಿದ. ಆದರೆ ಆ ಹೆದರಿಕೆಯ ಒಳಗಿನಿಂದಲೇ ಒಂದು ಆಸೆ ಎದ್ದು ಬಂತು. ಎದುರಿಗೆ ಕೂತಿರುವವರು ಕರಿಕುರಿ. ಇಡೀ ಲೋಕದಲ್ಲಿ ಉತ್ತರ ಗೊತ್ತಿರುವ ಒಬ್ಬನೇ ಒಬ್ಬ ಮನುಷ್ಯ.

“ತಪ್ಪಾಯ್ತು ಸಾರ್. ನೀವು ಏನು ಶಿಕ್ಷೆ ಕೊಟ್ರೂ ಸರಿ. ಆದ್ರೆ ಒಂದು ಮಾತು ಹೇಳಿಬಿಡಿ. ಆ ಸೆಂಡ್ ರೋ...” ಪರದೆಯ ಕಡೆ ಕೈ ತೋರಿಸಿದ.

ಯಜಮಾನರು ಪರದೆಯತ್ತ ಬಗ್ಗಿದರು. ಅವರ ಮುಖ ಬದಲಾಯಿತು. ಹಳೆಯ ಊರಿನಲ್ಲಿ ಹಳೆಯ ಸಾಲಗಾರನನ್ನು ಕಂಡವರಂತೆ ಸ್ವಲ್ಪ ಹೆದರಿ, ಆಮೇಲೆ ಜೋರಾಗಿ ನಕ್ಕರು.

“ಅರೆ! ಅದೇ ಸಾಲು! ಎಲ್‌ಡಿ ರಿಟರ್ನ್ಡ್ ಒನ್! ನಿನ್ನೆವರೆಗೂ ಚೆನ್ನಾಗಿ ನಡೀತಿತ್ತು ತಾನೆ? ‘ಹೊಸ ಆವೃತ್ತಿ ಬಂದಿದೆ’ ಅಂತು, ನೀನು ‘ಹೂಂ’ ಒತ್ತಿದೆ?”

“ಹೌದು ಸಾರ್!”

“ನಾನೂ ಒತ್ತಿದ್ದೆ ಕಣಯ್ಯ. ಮೂರು ವಾರ ಒದ್ದಾಡಿದೆ. ಊಟ ಸೇರಲಿಲ್ಲ, ಮನೆಯವರು ಮಾತು ಬಿಟ್ಟಿದ್ರು.”

“ಆಮೇಲೆ ಸರಿಹೋಯ್ತಲ್ಲ ಸಾರ್.” ಐದ್ನಿಮಿಷ ಅವರ ಮೊಣಕಾಲಿನ ಹತ್ತಿರ ನೆಲದ ಮೇಲೆ ಕೂತೇಬಿಟ್ಟ. “ಹೇಗೆ ಸರಿಹೋಯ್ತು?”

ಟೀಚರ್ ಮುಂದಕ್ಕೆ ಬಾಗಿದರು. ಕಂಕುಳಿನಿಂದ ಬೆರಳುಗಳು ಹೊರಬಂದು ಮೊಣಕಾಲಿನ ಮೇಲೆ ಸಿದ್ಧವಾಗಿ ನಿಂತವು. ಅಕ್ಕ ಒಳಬಾಗಿಲಿಗೆ ಬಂದು ನಿಂತಳು.

“ಸರಿಹೋಯ್ತು, ಒಂದೇ ದಿನದಲ್ಲಿ. ಏನೂ ಕಷ್ಟ ಆಗಲಿಲ್ಲ,” ಎಂದರು ಯಜಮಾನರು. ಕೈಯೆತ್ತಿ ಭಾವನನ್ನು ತೋರಿಸಿದರು. “ಇವರು ಬಂದು ಯಂತ್ರ ಕೊಂಡುಕೊಂಡು ಹೋದರು.”

ಅಡುಗೆಮನೆಯ ನಲ್ಲಿ ಬಕೆಟ್ಟಿಗೆ ತೊಟ್ಟಿಕ್ಕುವುದು ಕೇಳುತ್ತಿತ್ತು.

“ಅವತ್ತೇ ಹೋಗಿ ‘ಸರಿಹೋಯ್ತು, ಥ್ಯಾಂಕ್ಸ್’ ಅಂತ ಬರೆದೆ. ಉತ್ತರ ಕೊಟ್ಟೋರಿಗೆ ಥ್ಯಾಂಕ್ಸ್ ಹೇಳದೆ ಇರೋದು ಮರ್ಯಾದೆಯಲ್ಲ ನೋಡಿ.” ಯಜಮಾನರು ಎದ್ದರು. “ಆಮೇಲೆ ಆ ಯಂತ್ರ ನಿಮ್ಮಲ್ಲಿ ಚಿತ್ರ ತೆಗೀತಿದೆ ಅಂತ ಕೇಳಿದೆ. ಅಬ್ಬಾ, ಯಾವನೋ ಒಬ್ಬ ಕೊನೆಗೂ ಆ ಎಲ್‌ಡಿಯನ್ನ ಗೆದ್ದನಲ್ಲ, ಅಂಥವನು ನಮ್ಮ ಕಾರ್ಖಾನೇಲಿ ಇರಬೇಕು ಅಂತ ಬಂದೆ. ನೀನೂ ನನ್ನ ಹಾಗೇ. ನನ್ನಂಥೋನು ಕಾರ್ಖಾನೇಲಿ ಒಬ್ಬ ಇದ್ದಾನಲ್ಲ, ಸಾಕು.”

“ಸಾರ್,” ಎಂದರು ಭಾವ. “ಯಂತ್ರ ವಾಪಸ್ ತಗೊಳ್ತೀರಾ? ಕೊಟ್ಟದ್ದರಲ್ಲಿ ಅರ್ಧ ಕೊಟ್ರೂ...”

“ಎಂಥ ಮಾತು ಆಡ್ತೀರಿ. ಒಂದು ಸಲ ಸರಿಹೋದದ್ದನ್ನ ಯಾರಾದ್ರೂ ಮತ್ತೆ ಕೆಡಿಸ್ಕೊಳ್ತಾರಾ?”

ಹೊಸ್ತಿಲ ಬಳಿ ನಿಂತು ಎಲ್ಲರಿಗೂ ಕೈ ಮುಗಿದರು. ಕೈ ಮುಗಿಯುವಾಗ ಸ್ವೆಟರಿನ ಅಂಚು ಬಿಡಬೇಕಾಯಿತು. ಬಿಟ್ಟ ಕೂಡಲೇ ಗಾಬರಿಯಿಂದ ಮತ್ತೆ ಹಿಡಿದುಕೊಂಡರು. ಕಾರು ಹೋಯಿತು.

ಟೀಚರ್ ಎದ್ದು ಕುರ್ಚಿಯನ್ನು ಗೋಡೆಗೆ ಸರಿಸಿಟ್ಟರು. “ಪಾಸ್‌ವರ್ಡ್ ಬದಲಾಯಿಸ್ಬೇಕು,” ಎಂದು ಯಾರಿಗೂ ಅಲ್ಲದಂತೆ ಹೇಳಿ ಹೊರಟುಹೋದರು. ಸ್ವಲ್ಪ ಹೊತ್ತಿಗೆ ಪರದೆಯ ಮೂಲೆಯಲ್ಲಿ ವೈಫೈ ಗುರುತು ಆರಿತು.

ಭಾವ ಏಣಿ ತಂದು ಅಟ್ಟದಿಂದ ಐದ್ನಿಮಿಷನ ಸೂಟ್‌ಕೇಸನ್ನು ಇಳಿಸಿದರು. ಬೈಯಲಿಲ್ಲ, ಕೂಗಲಿಲ್ಲ. ಅದರ ಮೇಲಿನ ಧೂಳನ್ನು ಅಂಗಿ ಕೊಳೆಯಾಗದ ಹಾಗೆ ಒರೆಸಿ ಬಾಗಿಲ ಬಳಿ ಇಟ್ಟು, ಒಳಗೆ ಹೋದರು.

ಕೋಣೆಯಲ್ಲಿ ಅಕ್ಕ, ತಮ್ಮ ಇಬ್ಬರೇ ಉಳಿದರು. ಕಂಪ್ಯೂಟರಿನಲ್ಲಿ ಒಂದು ಮೂಲೆಗೆ ಅಕ್ಕನ ಕೊಕ್ಕರೆಗಳ ಚಿತ್ರ ತೆರೆದೇ ಇತ್ತು. ಸಾಲಾಗಿ ಹಾರುತ್ತಿದ್ದವು, ಎಲ್ಲಿಗೂ ಹೋಗುತ್ತಿರಲಿಲ್ಲ. ಅಕ್ಕ ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಯಂತ್ರದ ಮುಂದೆ ಕೂತು, ಬೆಳಗ್ಗೆಯೇ ಶುಚಿಮಾಡಿದ್ದ ಸೂಜಿಗಳಿಗೆ ಮತ್ತೆ ಬ್ರಷ್ಷು ಹಿಡಿದಳು. ಜುಂಗು ಬರಲಿಲ್ಲ. ಆದರೂ ಒಂದು ಸೂಜಿಗೆ ಎರಡು ಸಲ, ಮತ್ತೆ ಮುಂದಿನ ಸೂಜಿ.

ಐದ್ನಿಮಿಷ ಸೂಟ್‌ಕೇಸಿನ ಪಕ್ಕ ಹೋಗಿ ನಿಂತ. ಕೊನೆಯ ಸೂಜಿಯೂ ಮುಗಿದು, ಅಕ್ಕ ಯಂತ್ರದ ಮೇಲೆ ಬಟ್ಟೆ ಹೊದಿಸಿ, ನಾಲ್ಕು ಮೂಲೆಯನ್ನೂ ಎಳೆದು ಸರಿಮಾಡಿದಳು.

“ಅಕ್ಕ,” ಎಂದ. “ಒಂದೈದು ನಿಮಿಷ ಕೊಡು.”

ಅಕ್ಕ ದೀಪ ಆರಿಸಿ ಒಳಗೆ ಹೋದಳು.

“ಅಕ್ಕ... ಐದೇ ನಿಮಿಷ.”